ಎರಡನೆಯ ಬಿಂದಿಗೆ

ಅಜ್ಜಿಯ ಬಾಯಿಂದ ಕೇಳಿದ ಕಥೆಯೊಂದು ಮುಂದೆ ಪುಸ್ತಕವಾಗಬಹುದು, ನಾಟಕವಾಗಬಹುದು, ಚಲನಚಿತ್ರವಾಗಬಹುದು. ಸಮುದ್ರದಾಚೆಯ ಸಂಗೀತಗಾರನ ಕೈಸೇರಿ ಗೀತನಾಟಕವೂ ಆಗಬಹುದು. ಹಾಗಾದಾಗ ನಾವು ಮೊದಲು ಕೇಳುವ ಪ್ರಶ್ನೆ ‘ಮೂಲದಲ್ಲಿ ಇದ್ದಂತೆಯೇ ಇದೆಯೇ?’ ಎಂಬುದು. ಬಾಯಿಮಾತಿನ ಕಥೆಗಳ ವಿಷಯದಲ್ಲಿ ಈ ಪ್ರಶ್ನೆಗೆ ಉತ್ತರ ಹೇಳುವುದು ಸುಲಭವಲ್ಲ. ಮದ್ದೂರಿನ ಅಜ್ಜಿ ಹೇಳುವ ಕಥೆಗೂ ಮಳವಳ್ಳಿಯ ಅಜ್ಜಿ ಹೇಳುವ ಅದೇ ಕಥೆಗೂ ಅಂತರವಿರುತ್ತದೆ. ಒಬ್ಬಳೇ ಅಜ್ಜಿ ಎರಡು ರಾತ್ರಿ ಹೇಳಿದರೂ, ಹೂಂಗುಟ್ಟುವ ಮೊಮ್ಮಕ್ಕಳ ನಿದ್ದೆಗೆ ತಕ್ಕಂತೆ ಕಥೆ ಹಿಗ್ಗುತ್ತದೆ, ಕುಗ್ಗುತ್ತದೆ. ಆದುದರಿಂದ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಕಥೆಯ ಜೀವ ಎಲ್ಲಿದೆ, ಹೊಸ ರೂಪವು ಆ ಜೀವವನ್ನು ಉಳಿಸಿಕೊಂಡಿದೆಯೇ ಎಂದು ನೋಡಬೇಕು. ಕನ್ನಡ ನಾಡಿನಲ್ಲಿ ಹುಟ್ಟಿ ಬಹುದೂರ ಪಯಣಿಸಿರುವ ‘ಹೂವಾದ ಹುಡುಗಿ’ ಕಥೆಯನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರ ಮಾಡೋಣ.

ಕಥೆಯ ಹಂದರ

ಒಂದೂರಿನಲ್ಲಿ ಒಬ್ಬ ಬಡ ಮುದುಕಿ. ಅವಳಿಗೆ ಇಬ್ಬರು ಹೆಣ್ಣುಮಕ್ಕಳು. ಕಂಡವರ ಮನೆಯ ಕೂಲಿ ಮಾಡಿ ತಾಯಿ ಮಕ್ಕಳನ್ನು ಸಾಕುತ್ತಾಳೆ. ತಾಯಿಯ ಕಷ್ಟವನ್ನು ನೋಡಲಾರದ ಕಿರಿಯವಳು ಅಕ್ಕನಿಗೆ ಒಂದು ಗುಟ್ಟು ಹೇಳುತ್ತಾಳೆ: ‘ಎರಡು ಬಿಂದಿಗೆ ನೀರನ್ನು ಉಗುರು ಸೋಕಿಸದೆ ತಾ. ನಾನು ಧ್ಯಾನ ಮಾಡುತ್ತಾ ಕೂರುತ್ತೇನೆ. ಮೊದಲನೆಯ ಬಿಂದಿಗೆಯ ನೀರನ್ನು ನನ್ನ ಮೈಮೇಲೆ ಸುರಿ, ನಾನು ಹೂಮರವಾಗುತ್ತೇನೆ. ಎಲೆ ಹರಿಯದಂತೆ, ಚಿಗುರು ಮುರಿಯದಂತೆ ಹೂ ಬಿಡಿಸಿಕೋ. ಆಮೇಲೆ ಎರಡನೆಯ ಬಿಂದಿಗೆ ಸುರಿ, ಮತ್ತೆ ಮನುಷ್ಯಳಾಗುತ್ತೇನೆ.’ ಹೀಗೆ ಬಿಡಿಸಿದ ಹೂಗಳನ್ನು ಕಟ್ಟಿ ಅರಮನೆಗೆ ಮಾರುತ್ತಾರೆ. ಕಂಪಿನ ಜಾಡು ಹಿಡಿದು ಬಂದ ರಾಜಕುಮಾರ ಮರೆಯಲ್ಲಿ ನಿಂತು ಈ ಸೋಜಿಗವನ್ನು ಕಾಣುತ್ತಾನೆ. ಮದುವೆಯಾಗುತ್ತದೆ.

ಮದುವೆಯಾದ ಮೇಲೆ ಗಂಡ ಬಯಸುವುದು ಅದೇ ಸೋಜಿಗವನ್ನು. ಮರವಾಗೆಂದು ಅವಳನ್ನು ಒತ್ತಾಯಿಸುತ್ತಾನೆ. ಹೂಗಳ ರಾಶಿಯನ್ನು ಕಂಡ ನಾದಿನಿ ಗುಟ್ಟು ತಿಳಿದು, ಅತ್ತಿಗೆಯನ್ನು ಗೆಳತಿಯರೊಡನೆ ಸುರಹೊನ್ನೆ ತೋಪಿಗೆ ಕರೆದೊಯ್ಯುತ್ತಾಳೆ. ‘ಅಣ್ಣನಿಗಾದರೆ ಮರವಾಗುತ್ತೀಯೆ, ನಮಗೇಕಿಲ್ಲ?’ ಎಂದು ಪೀಡಿಸುತ್ತಾಳೆ. ಆ ಹುಡುಗಿಯರು ಎಲೆ ಹರಿಯುತ್ತಾರೆ, ಕೊಂಬೆ ಮುರಿಯುತ್ತಾರೆ. ಮಳೆ ಬಂದಾಗ ಎರಡನೆಯ ಬಿಂದಿಗೆಯನ್ನು ಹೇಗೆಹೇಗೋ ಸುರಿದು ಓಡಿಹೋಗುತ್ತಾರೆ. ಅವಳು ಕೈಕಾಲಿಲ್ಲದ, ಅತ್ತ ಮರವೂ ಅಲ್ಲದ ಇತ್ತ ಹೆಣ್ಣೂ ಅಲ್ಲದ ಜೀವವಾಗಿ ಚರಂಡಿಗೆ ಬೀಳುತ್ತಾಳೆ. ಹತ್ತಿಯ ಗಾಡಿ ಹೊಡೆಯುವವನೊಬ್ಬ ಅವಳ ನರಳಾಟ ಕೇಳಿ, ಮೈಗೆ ಬಟ್ಟೆ ಹೊದಿಸಿ, ಮುಂದಿನ ಊರಿನ ಪಾಳುಮಂಟಪದಲ್ಲಿ ಇಳಿಸಿಹೋಗುತ್ತಾನೆ. ಅದು ಗಂಡನ ಅಕ್ಕ ರಾಣಿಯಾಗಿರುವ ಊರು. ಹೆಂಡತಿಯನ್ನು ಕಳೆದುಕೊಂಡು ಬೈರಾಗಿಯಾಗಿ ಅಲೆದ ರಾಜಕುಮಾರ ಅಲ್ಲಿಗೇ ಬರುತ್ತಾನೆ, ಅವಳನ್ನು ಗುರುತಿಸುತ್ತಾನೆ. ಅವಳು ಹೇಳಿದಂತೆ ನೀರು ಸುರಿದು ಮರವಾಗಿಸಿ, ಮುರಿದ ಕೊಂಬೆಗಳನ್ನು ಒಂದೊಂದಾಗಿ ಕೂಡಿಸಿ ಕಟ್ಟಿ, ಮತ್ತೆ ನೀರು ಸುರಿಯುತ್ತಾನೆ. ಅವಳು ಇಡಿಯಾಗಿ ಎದ್ದು ನಿಲ್ಲುತ್ತಾಳೆ.

ಅವಳು ಮರವಾಗುವುದು ಐದು ಬಾರಿ: ಅಕ್ಕನ ಮುಂದೆ, ತಾಯಿಯ ಮುಂದೆ, ಗಂಡನ ಮುಂದೆ, ನಾದಿನಿಯ ಮುಂದೆ, ಕೊನೆಗೆ ಮತ್ತೆ ಗಂಡನ ಮುಂದೆ. ಮೊದಲ ಎರಡು ಬಾರಿ ಅವಳು ತಾನಾಗಿ ಅರಳಿದಳು. ಮುಂದಿನ ಎರಡು ಬಾರಿ ಅವಳನ್ನು ಅರಳಿಸಲಾಯಿತು. ಐದನೆಯ ಬಾರಿ ಅವಳು ಅರಳಿದ್ದು ವಾಸಿಯಾಗುವುದಕ್ಕಾಗಿ. ಮರವಾಗಿಸಲು ಒಂದು ಬಿಂದಿಗೆ ಸಾಕು. ಆ ಕೆಲಸವನ್ನು ಯಾರು ಬೇಕಾದರೂ ಮಾಡಿಯಾರು. ಎರಡನೆಯ ಬಿಂದಿಗೆಯನ್ನು ಯಾರು, ಯಾವ ಮನಸ್ಸಿನಿಂದ ಸುರಿಯುತ್ತಾರೆ ಎಂಬುದರಲ್ಲಿ ಕಥೆಯ ಜೀವವಿದೆ. ಇದರ ರೂಪಾಂತರಗಳನ್ನು ನಾನು ಅಳೆಯುವ ಅಳತೆಗೋಲು ಇದೇ.

ಜಗಲಿಯ ಕಥೆ, ಅಡುಗೆಮನೆಯ ಕಥೆ

ಈ ಕಥೆಯ ಹಲವು ಪಾಠಗಳನ್ನು ಕರ್ನಾಟಕದಲ್ಲಿ ಸಂಗ್ರಹಿಸಿ, ಇಂಗ್ಲಿಷಿಗೆ ತಂದು, ಲೋಕಕ್ಕೆ ಪರಿಚಯಿಸಿದವರು ಎ.ಕೆ. ರಾಮಾನುಜನ್. 1929ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಶಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿದ್ದ ಅವರು 1993ರಲ್ಲಿ ತೀರಿಕೊಂಡರು. ಈ ಕಥೆಯ ಹೆಸರನ್ನೇ ಹೊತ್ತ ಅವರ ಮೌಖಿಕ ಕಥೆಗಳ ಸಂಪುಟ 1997ರಲ್ಲಿ ಹೊರಬಂದಿತು.

ಕನ್ನಡ ಜಾನಪದಕ್ಕೆ ಎರಡು ನೆಲೆಗಳಿವೆ ಎಂದು ರಾಮಾನುಜನ್ ಗುರುತಿಸಿದ್ದರು. ಒಂದು ಊರಿನ ನಡುವೆ, ಹತ್ತು ಜನರ ಮುಂದೆ ವೃತ್ತಿಗಾಯಕರು ಹಾಡುವ ಕಥೆ. ಇನ್ನೊಂದು ಮನೆಯೊಳಗೆ ಹೆಂಗಸರು ಮಕ್ಕಳಿಗೆ ಹೇಳುವ ಕಥೆ. ನಮ್ಮ ಸೀಮೆಯವರಿಗೆ ಈ ಭೇದವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದ ಪರಂಪರೆಗೆ ಸೇರಿದ ನೀಲಗಾರರು ಹಾಡುವ ಮಂಟೇಸ್ವಾಮಿ ಕಥೆಯಲ್ಲಿ ಊರುಗಳಿಗೆ ಹೆಸರಿದೆ, ಪಾತ್ರಗಳಿಗೆ ಹೆಸರಿದೆ. ಆ ಹಾಡುಗಾರಿಕೆ ಮಳವಳ್ಳಿ ಮಹದೇವಸ್ವಾಮಿ ಅವರಂಥ ಗಾಯಕರ ಕಂಠದಿಂದ ಧ್ವನಿಸುರುಳಿಗೂ ಇಳಿದು ಮನೆಮನೆಯನ್ನು ಮುಟ್ಟಿತು. ರಾತ್ರಿಯಿಡೀ ಕುಳಿತು ಕೇಳುತ್ತಿದ್ದ ಕಥೆ ಅಂಗೈಯಗಲದ ಪೆಟ್ಟಿಗೆಯಲ್ಲಿ ಸೇರಿಕೊಂಡದ್ದೂ ಒಂದು ರೂಪಾಂತರವೇ.

ಅಡುಗೆಮನೆಯ ಕಥೆಯ ರೀತಿ ಬೇರೆ. ಅಲ್ಲಿ ‘ಒಂದೂರು’, ‘ಒಬ್ಬ ಮುದುಕಿ’, ‘ಕಿರಿಯ ಮಗಳು’ ಎಂದಷ್ಟೇ ಇರುತ್ತದೆ. ಹೂವಾದ ಹುಡುಗಿಗೂ ಹೆಸರಿಲ್ಲ. ಹೆಸರಿಲ್ಲದ ಕಾರಣದಿಂದಲೇ ಕೇಳುವ ಪ್ರತಿಯೊಬ್ಬ ಹುಡುಗಿಯೂ ಆ ಜಾಗದಲ್ಲಿ ತನ್ನ ಹೆಸರನ್ನು ಇಟ್ಟುಕೊಳ್ಳಬಹುದು. ನಾಳೆ ತಾನೂ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಬೇಕಾದವಳು. ಅಲ್ಲಿ ತನ್ನ ಕಲೆ, ತನ್ನ ದುಡಿಮೆ, ತನ್ನ ಚೆಲುವು ಯಾರ ಕೈಗೆ ಸಿಗುವುದೋ ಎಂಬ ಅಳುಕನ್ನು ಅಜ್ಜಿ ಈ ಕಥೆಯ ಮೂಲಕ ನಯವಾಗಿ ತಿಳಿಸುತ್ತಾಳೆ. ಹೆಣ್ಣುಮಕ್ಕಳ ಕಥೆಯೆಂದೇ ರಾಮಾನುಜನ್ ಇದನ್ನು ಓದಿದರು.

ಇಂಥ ಕಥೆಗಳನ್ನು ರಂಗಕ್ಕೆ ತಂದವರಲ್ಲಿ ಗಿರೀಶ ಕಾರ್ನಾಡರು ಪ್ರಮುಖರು. ರಾಮಾನುಜನ್ ಅವರಿಂದ ಕೇಳಿದ ಎರಡು ಜನಪದ ಕಥೆಗಳೇ ಅವರ ‘ನಾಗಮಂಡಲ’ (1988) ನಾಟಕಕ್ಕೆ ಆಧಾರ. 1997ರಲ್ಲಿ ಟಿ.ಎಸ್. ನಾಗಾಭರಣ ಅದನ್ನು ಚಲನಚಿತ್ರವಾಗಿಸಿದರು. ಆ ಎರಡು ಕಥೆಗಳಲ್ಲಿ ಒಂದರ ಪ್ರಕಾರ, ತನಗೆ ಗೊತ್ತಿದ್ದ ಕಥೆಯನ್ನೂ ಹಾಡನ್ನೂ ಯಾರಿಗೂ ಹೇಳದೆ ಇಟ್ಟುಕೊಂಡ ಹೆಂಗಸಿನ ಮೇಲೆ ಅವು ಮುನಿದು ಸೇಡು ತೀರಿಸಿಕೊಳ್ಳುತ್ತವೆ. ಕಥೆಯನ್ನು ಕಟ್ಟಿಡಬಾರದು, ದಾಟಿಸಬೇಕು ಎಂಬುದು ಅದರ ಇಂಗಿತ. ಹೂವಾದ ಹುಡುಗಿಯನ್ನು ಕಾರ್ನಾಡರು ದಾಟಿಸಿದ್ದು ಬೆಳ್ಳಿತೆರೆಗೆ.

ತೆರೆಯ ಮೇಲೆ ಚೆಲುವಿ

1992ರಲ್ಲಿ ಕಾರ್ನಾಡರು ನಿರ್ದೇಶಿಸಿದ ‘ಚೆಲುವಿ’ ಹಿಂದಿ ಭಾಷೆಯ ಚಿತ್ರ; ಹೆಸರು ಮಾತ್ರ ಕನ್ನಡದ್ದು. ಸೋನಾಲಿ ಕುಲಕರ್ಣಿ ಇದರಲ್ಲಿ ನಾಯಕಿಯಾಗಿ ಅಭಿನಯಿಸಿದರು. ಪರಿಸರ ಸಂರಕ್ಷಣೆಯನ್ನು ಕುರಿತ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಇದಕ್ಕೆ ದೊರೆಯಿತು. ಹೆಸರಿಲ್ಲದ ಹುಡುಗಿಗೆ ಇಲ್ಲಿ ಹೆಸರು ಬಂದಿತು. ರಾಜಕುಮಾರನ ಬದಲಿಗೆ ಹಳ್ಳಿಯ ಮುಖ್ಯಸ್ಥನ ಮಗ ಬಂದನು. ಅರಮನೆ ಇಳಿದು ನಮ್ಮ ಹಳ್ಳಿಯ ದೊಡ್ಡಮನೆಯಾಯಿತು. ಇದು ಒಪ್ಪತಕ್ಕ ಬದಲಾವಣೆ. ಅರಮನೆಯ ಸೊಸೆಯ ಪಾಡನ್ನು ದೂರದಿಂದ ನೋಡಿ ಮರುಗಬಹುದು, ದೊಡ್ಡಮನೆಯ ಸೊಸೆಯ ಪಾಡನ್ನು ನೋಡುವಾಗ ನಮ್ಮ ನೆರೆಹೊರೆ ನೆನಪಾಗುತ್ತದೆ.

ಕಾರ್ನಾಡರು ಮಾಡಿದ ದೊಡ್ಡ ಬದಲಾವಣೆ ಕೊನೆಯಲ್ಲಿದೆ. ಕಥೆಯಲ್ಲಿ ಗಂಡ ಕೊಂಬೆಗಳನ್ನು ಕೂಡಿಸುತ್ತಾನೆ, ಹೆಂಡತಿ ಏಳುತ್ತಾಳೆ. ಚಿತ್ರದಲ್ಲಿ ಹಾಗಾಗುವುದಿಲ್ಲ. ಕಡಿದು ಬರಿದಾದ ಕಾಡಿನ ನಡುವೆ, ಅವಳು ಮೊದಲಿನಂತಾಗದೆ ಚಿತ್ರ ಮುಗಿಯುತ್ತದೆ. ಎರಡನೆಯ ಬಿಂದಿಗೆಗೆ ಇಲ್ಲಿ ಕೆಲಸವೇ ಉಳಿದಿಲ್ಲ. ನೀರು ಸುರಿಯಲು ಕೊಂಬೆಗಳು ಇರಬೇಕಲ್ಲ!

ಈ ಅಂತ್ಯವನ್ನು ಹೇಗೆ ತೂಗಬೇಕು? ಸುಖಾಂತವನ್ನು ಕಿತ್ತುಕೊಂಡರೆಂದು ಮುನಿಯುವುದು ಸರಿಯಲ್ಲ. ಮಾಡಿದ ಎಲ್ಲ ಗಾಯಗಳೂ ಮಾಯುತ್ತವೆಂದು ನಂಬಿಸುವ ಕಥೆ ಕೆಲವೊಮ್ಮೆ ಗಾಯ ಮಾಡುವವನಿಗೇ ಧೈರ್ಯ ಕೊಟ್ಟುಬಿಡುತ್ತದೆ. ಕಡಿದ ಕಾಡು ನಾವು ಬಯಸಿದ ಕೂಡಲೆ ಬೆಳೆಯದೆಂಬುದು ನಿಜ, ಅದನ್ನು ಚಿತ್ರ ಮುಚ್ಚಿಡದೆ ಹೇಳಿತು. ಆದರೆ ಇದಕ್ಕಾಗಿ ಚಿತ್ರ ತೆತ್ತ ಬೆಲೆಯೂ ಇದೆ. ಹುಡುಗಿ ನಿಸರ್ಗದ ಸಂಕೇತವಾದಷ್ಟೂ ಮನೆಯ ಸೊಸೆಯಾಗಿ ನಮ್ಮ ಕಣ್ಣಿಂದ ದೂರವಾಗುತ್ತಾಳೆ. ಕಾಡನ್ನು ಕಡಿದವರ ಮೇಲೆ ನಾವು ಸಿಟ್ಟಾಗಬಹುದು. ಆ ಸಿಟ್ಟಿನಲ್ಲಿ, ಮೊದಲು ಅವಳನ್ನು ಒತ್ತಾಯಿಸಿದವನು ಅವಳ ಗಂಡನೇ ಎಂಬುದು ಮರೆತುಹೋಗುತ್ತದೆ. ಅಜ್ಜಿ ಇದನ್ನು ಮರೆಯುವುದಿಲ್ಲ. ನಾದಿನಿಯ ಕೈ ಒರಟು, ಗಂಡನ ಕೈ ಮೃದು. ಆದರೂ ಇಬ್ಬರೂ ಬೇಡಿದ್ದು ಒಂದನ್ನೇ ಎಂಬುದು ಅವಳಿಗೆ ಗೊತ್ತು. ಗಂಡನ ಕೈಯಿಂದಲೇ ಕೊಂಬೆ ಕಟ್ಟಿಸುವ ಅವಳ ನ್ಯಾಯ ಮನೆಯೊಳಗಿನ ನ್ಯಾಯ.

ವಿಯೆನ್ನಾದ ರಂಗದಲ್ಲಿ ಕುಮುದಾ

ಅಮೆರಿಕದ ಸಂಗೀತಕಾರ ಜಾನ್ ಆಡಮ್ಸ್ ರಾಮಾನುಜನ್ ಅವರ ಅನುವಾದವನ್ನು ಆಧರಿಸಿ ಈ ಕಥೆಯನ್ನು ಒಪೆರಾ ಆಗಿಸಿದರು. ನಿರ್ದೇಶಕ ಪೀಟರ್ ಸೆಲ್ಲರ್ಸ್ ಅವರೊಡನೆ ಸೇರಿ ಸಾಹಿತ್ಯವನ್ನೂ ಸಿದ್ಧಪಡಿಸಿದರು. 2006ರ ನವೆಂಬರಿನಲ್ಲಿ, ಮೊಟ್ಸಾರ್ಟನ 250ನೆಯ ಜನ್ಮವರ್ಷದ ಅಂಗವಾಗಿ, ಆಸ್ಟ್ರಿಯದ ವಿಯೆನ್ನಾ ನಗರದಲ್ಲಿ ಇದು ಮೊದಲ ಪ್ರದರ್ಶನ ಕಂಡಿತು. ಮೊಟ್ಸಾರ್ಟ್ ತನ್ನ ಕೊನೆಯ ವರ್ಷವಾದ 1791ರಲ್ಲಿ ರಚಿಸಿದ ‘ಮಾಯಾ ಕೊಳಲು’ ಒಪೆರಾದಲ್ಲಿ ಯುವ ಪ್ರೇಮಿಗಳಿಬ್ಬರು ಕಷ್ಟದ ಪರೀಕ್ಷೆಗಳನ್ನು ದಾಟಿ ಬೆಳೆಯುತ್ತಾರೆ. ಆಡಮ್ಸರಿಗೆ ಅದು ಪ್ರೇರಣೆಯಾಯಿತು.

ಒಪೆರಾದಲ್ಲಿ ಹಾಡುವ ಪಾತ್ರಗಳು ಮೂರೇ: ಕುಮುದಾ ಎಂಬ ಹೆಸರು ಪಡೆದ ಹುಡುಗಿ, ರಾಜಕುಮಾರ, ಕಥೆಗಾರ. ಇವರೊಡನೆ ಮೇಳವಿದೆ, ದೊಡ್ಡ ವಾದ್ಯವೃಂದವಿದೆ. ಮೊದಲ ಪ್ರದರ್ಶನದಲ್ಲಿ ವೆನೆಜುವೆಲಾ ದೇಶದ ಗಾಯಕರೂ ತರುಣ ವಾದ್ಯಗಾರರೂ ಭಾಗವಹಿಸಿದ್ದರಿಂದ ಮೇಳದ ಹಾಡುಗಳು ಸ್ಪಾನಿಷ್ ಭಾಷೆಯಲ್ಲಿದ್ದವು. ಪಾತ್ರಗಳ ಚಲನೆಯನ್ನು ಜಾವಾ ದ್ವೀಪದ ನರ್ತಕರು ತೋರಿದರು. ಕನ್ನಡದ ಅಡುಗೆಮನೆಯ ಕಥೆ ಇಂಗ್ಲಿಷಿನಲ್ಲೂ ಸ್ಪಾನಿಷ್‌ನಲ್ಲೂ ಹಾಡಾಗಿ, ಜಾವಾದ ಹೆಜ್ಜೆಗಳಲ್ಲಿ ಕುಣಿದು, ಮೊಟ್ಸಾರ್ಟನ ಊರಿನಲ್ಲಿ ಕೇಳಿಸಿತು.

ಇದನ್ನು ತಿಳಿದು ಹೆಮ್ಮೆ ಪಡುವುದು ಸಹಜ. ಆದರೆ ವಿಮರ್ಶೆ ಹೆಮ್ಮೆಯಲ್ಲಿ ನಿಲ್ಲಬಾರದು. ಸಂಗೀತಕ್ಕೆ ಒಂದು ವಿಶೇಷ ಶಕ್ತಿಯಿದೆ. ಹುಡುಗಿ ಮರವಾಗುವುದನ್ನು ಚಿತ್ರ ಕಣ್ಣಿಗೆ ತೋರಿಸಬೇಕು. ತೋರಿಸುವಾಗ ತಂತ್ರದ ಕೈವಾಡ ಕಾಣಿಸಿಕೊಳ್ಳುವ ಅಪಾಯವಿದೆ. ಸಂಗೀತ ಅದನ್ನು ತೋರಿಸಬೇಕಾಗಿಲ್ಲ, ಸ್ವರಗಳು ಒಂದರಿಂದೊಂದು ಚಿಗುರಿದರೆ ಸಾಕು. ಅಜ್ಜಿಯೂ ಹೀಗೆಯೇ ಕಣ್ಣಿಗೇನೂ ತೋರಿಸದೆ, ದನಿಯ ಏರಿಳಿತದಿಂದ ಮರ ಬೆಳೆಸುತ್ತಾಳೆ. ಈ ಅರ್ಥದಲ್ಲಿ ಒಪೆರಾ ಚಿತ್ರಕ್ಕಿಂತ ಅಜ್ಜಿಗೆ ಹತ್ತಿರ. ಕೊನೆಯಲ್ಲಿ ನೀರು ಸುರಿದು ಅವಳು ಮರಳಿ ಹೆಣ್ಣಾಗುವ ಸುಖಾಂತವನ್ನೂ ಅದು ಉಳಿಸಿಕೊಂಡಿದೆ. ಎರಡನೆಯ ಬಿಂದಿಗೆ ಅಲ್ಲಿ ತುಂಬಿದೆ.

ಆದರೂ ಒಂದು ಕೊರತೆ ಕಾಣುತ್ತದೆ. ಪ್ರೇಮಿಗಳ ಪರೀಕ್ಷೆ, ಪಶ್ಚಾತ್ತಾಪ, ಪುನರ್ಮಿಲನ ಎಂಬ ಎತ್ತರದ ದಾರಿಯಲ್ಲಿ ಒಪೆರಾ ಸಾಗುವಾಗ, ಹೂ ಮಾರಿದ ಕಾಸಿನ ಸದ್ದು ಕ್ಷೀಣಿಸುತ್ತದೆ. ಹುಡುಗಿ ಮೊದಲು ಮರವಾದದ್ದು ತಾಯಿಯ ಕೂಲಿಯ ಕಷ್ಟ ತಪ್ಪಿಸಲು. ಮುಂಜಾನೆ ಮಂಡ್ಯದ ಪೇಟೆಯಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡು ಮೊಳದ ಲೆಕ್ಕದಲ್ಲಿ ಮಾರುವ ಹೆಂಗಸರನ್ನು ಕಂಡವರಿಗೆ ಈ ಕಥೆಯ ಆರಂಭ ಮಾಯೆಯೆನಿಸುವುದಿಲ್ಲ. ತನ್ನ ಮೈಯನ್ನೇ ಮುರಿದು ದುಡಿದು ಮನೆಯವರ ಹೊಟ್ಟೆ ಹೊರೆಯುವ ಹೆಣ್ಣು ಅಲ್ಲಿದ್ದಾಳೆ. ಪ್ರೇಮದ ಎತ್ತರದಲ್ಲಿ ನಿಂತರೆ ಈ ಬುಟ್ಟಿ ಚಿಕ್ಕದಾಗಿ ಕಾಣುತ್ತದೆ.

ಮರಳಿ ಬಾರದ ದಾಫ್ನೆ

ಮರವಾದ ಹೆಣ್ಣು ನಮ್ಮಲ್ಲಿ ಮಾತ್ರವಲ್ಲ, ಪಾಶ್ಚಾತ್ಯ ಪುರಾಣದಲ್ಲಿಯೂ ಇದ್ದಾಳೆ. ರೋಮನ್ ಕವಿ ಓವಿಡ್ ಹೇಳುವ ದಾಫ್ನೆ ತನ್ನನ್ನು ಬೆನ್ನಟ್ಟಿದ ಅಪೊಲೋ ದೇವತೆಯಿಂದ ಪಾರಾಗಲು ಲಾರೆಲ್ ಮರವಾಗುತ್ತಾಳೆ. ಅವಳೂ ಹಲವು ಕಲೆಗಳಲ್ಲಿ ಮರುಹುಟ್ಟು ಪಡೆದವಳು. ಇಟಲಿಯಲ್ಲಿ 1598ರಲ್ಲಿ ಪ್ರದರ್ಶನಗೊಂಡ, ಒಪೆರಾಗಳಲ್ಲೇ ಮೊದಲನೆಯದೆಂದು ಗಣಿಸಲಾಗುವ ಯಾಕೊಪೊ ಪೆರಿಯ ಕೃತಿಯ ವಸ್ತು ಅವಳೇ. 1622ರಿಂದ 1625ರವರೆಗೆ ಬೆರ್ನಿನಿ ಕೆತ್ತಿದ ಅಮೃತಶಿಲೆಯ ಶಿಲ್ಪ ಇಂದಿಗೂ ರೋಮಿನ ಬೊರ್ಗೆಸೆ ಸಂಗ್ರಹಾಲಯದಲ್ಲಿದೆ. ಅದರಲ್ಲಿ ಓಡುತ್ತಿರುವ ಹುಡುಗಿಯ ಬೆರಳುಗಳು ಎಲೆಗಳಾಗುತ್ತಿವೆ, ಕಾಲ್ಬೆರಳುಗಳು ಬೇರಾಗುತ್ತಿವೆ. 1938ರಲ್ಲಿ ರಿಚರ್ಡ್ ಸ್ಟ್ರೌಸ್ ಅವಳ ಕಥೆಯನ್ನು ಮತ್ತೊಂದು ಒಪೆರಾ ಆಗಿಸಿದ.

ಇಬ್ಬರನ್ನೂ ಪಕ್ಕಪಕ್ಕದಲ್ಲಿ ನಿಲ್ಲಿಸಿದರೆ ನಮ್ಮ ಕಥೆಯ ಹಿರಿಮೆ ತಿಳಿಯುತ್ತದೆ. ದಾಫ್ನೆ ಮರವಾಗುವುದು ಭಯದಿಂದ. ನಮ್ಮ ಹುಡುಗಿ ಮೊದಲು ಮರವಾಗುವುದು ಕೊಡುವ ಮನಸ್ಸಿನಿಂದ. ದಾಫ್ನೆಗೆ ಒಂದೇ ಬಿಂದಿಗೆ. ಅವಳು ಮರಳಿ ಬರುವುದಿಲ್ಲ. ಅವಳ ಎಲೆಗಳನ್ನು ಬೆನ್ನಟ್ಟಿದವನೇ ತನ್ನ ಕಿರೀಟವಾಗಿ ಮುಡಿಯುತ್ತಾನೆ. ಬೆರ್ನಿನಿಯ ಕಲ್ಲು ಎಷ್ಟು ಸುಂದರವೆಂದರೆ, ಹುಡುಗಿಯ ಬಾಯಿ ಕೂಗಿಗಾಗಿ ತೆರೆದಿದೆ ಎಂಬುದನ್ನು ನೋಡುಗನು ಗಮನಿಸದೆ ಹೋಗಬಹುದು. ನಮ್ಮ ಅಜ್ಜಿ ಈ ಬಗೆಯ ಚೆಲುವಿಗೆ ಒಪ್ಪುವವಳಲ್ಲ. ಮರ ಎಷ್ಟೇ ಸುಂದರವಾಗಿರಲಿ, ಹುಡುಗಿ ಮನೆಗೆ ಮರಳಿ ಬರುವವರೆಗೆ ಅವಳ ಕಥೆ ಮುಗಿಯುವುದಿಲ್ಲ.

ನಮ್ಮ ಅಂಗಳದಲ್ಲಿ

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋದವರು ಮನೆಗಳ ನಡುವಿನ ಮರಗಳಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟಿರುವುದನ್ನು ನೋಡಿರುತ್ತಾರೆ. 2007ರಲ್ಲಿ ಸರ್ಕಾರ ಅದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಅದಕ್ಕೂ ಬಹು ಹಿಂದಿನಿಂದಲೇ ಊರಿನವರು ಆ ಹಕ್ಕಿಗಳನ್ನು ಬಾಣಂತನಕ್ಕೆ ತವರಿಗೆ ಬರುವ ಹೆಣ್ಣುಮಕ್ಕಳೆಂದು ಭಾವಿಸುತ್ತಾ ಬಂದಿದ್ದಾರೆ. ಗೂಡಿರುವ ಹುಣಸೆಮರದ ಫಸಲಿನ ಆಸೆಯನ್ನು ಬಿಟ್ಟವರೂ ಅಲ್ಲಿದ್ದಾರೆ. ಎಲೆ ಹರಿಯದೆ, ಚಿಗುರು ಮುರಿಯದೆ ಎಂಬ ಕಥೆಯ ಮಾತನ್ನು ಅವರು ಯಾವ ಪುಸ್ತಕವನ್ನೂ ಓದದೆ ಬಾಳಿನಲ್ಲಿ ಪಾಲಿಸಿದರು. ಇದೂ ಆ ಕಥೆಯ ಒಂದು ರೂಪಾಂತರವೆಂದರೆ ತಪ್ಪಾಗಲಾರದು.

ಅದೇ ಜಿಲ್ಲೆಯ ಇನ್ನೊಂದು ಮುಖವನ್ನೂ ನಾವು ನೋಡಿದ್ದೇವೆ. ಹೆಣ್ಣುಭ್ರೂಣ ಹತ್ಯೆಯ ಜಾಲವೊಂದನ್ನು ಬೆಂಗಳೂರು ಪೊಲೀಸರು 2023ರಲ್ಲಿ ಪತ್ತೆಹಚ್ಚಿದಾಗ, ಮಂಡ್ಯದ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ನಡೆಯುತ್ತಿದ್ದ ಸಂಗತಿ ಬಯಲಿಗೆ ಬಂದಿತು. ಬೆಲ್ಲ ಬೇಯಿಸುವ ಜಾಗದಲ್ಲಿ ನಡೆದ ಆ ಕಹಿಯನ್ನು ಓದಿ ನಾಡು ತಲೆತಗ್ಗಿಸಿತು. ಹಕ್ಕಿಗಳನ್ನು ಮಗಳೆಂದು ಕರೆಯುವ ನೆಲದಲ್ಲಿಯೇ ಮಗಳು ಹುಟ್ಟುವ ಮೊದಲೇ ಬೇಡವಾದಳು. ಕಥೆಯ ನಾದಿನಿಗೆ ಹೂವಾದರೂ ಬೇಕಾಗಿತ್ತು. ಇಲ್ಲಿ ಮೊಳಕೆಗೂ ನೀರಿಲ್ಲ.

ಇಂಥ ಕಾಲದಲ್ಲಿ ಹೂವಾದ ಹುಡುಗಿಯ ಕಥೆಯನ್ನು ಮಕ್ಕಳನ್ನು ಮಲಗಿಸುವ ಕಥೆಯೆಂದು ಮಾತ್ರ ಎಣಿಸಲಾಗದು. ಹಿಂದೆ ಇದನ್ನು ಹೆಚ್ಚಾಗಿ ಹೆಣ್ಣುಮಕ್ಕಳು ಕೇಳಿ ಎಚ್ಚರ ಕಲಿತರು. ಇಂದು ಗಂಡುಮಕ್ಕಳೂ ಇದನ್ನು ಕೇಳಬೇಕು. ನೀರು ತುಂಬಿದ ಬಿಂದಿಗೆ ಹೆಚ್ಚಿನ ಸಲ ಅವರ ಕೈಯಲ್ಲಿರುತ್ತದೆ. ಸೊಸೆ ತರುವ ಸಂಬಳ, ಮಗಳು ತರುವ ಅಂಕ, ಹೆಂಡತಿ ಮಾಡುವ ಅಡುಗೆ ಇವೆಲ್ಲ ನಾವು ಬಿಡಿಸಿಕೊಳ್ಳುವ ಹೂಗಳು. ಬಿಡಿಸಿಕೊಂಡ ಮೇಲೆ ಅವಳನ್ನು ಮರಳಿ ಮನುಷ್ಯಳಾಗಿ ಕಾಣುತ್ತೇವೆಯೇ, ಅವಳ ಆಯಾಸವನ್ನು ವಿಚಾರಿಸುತ್ತೇವೆಯೇ, ಅಥವಾ ಮಳೆ ಬಂತೆಂದು ಬಿಂದಿಗೆ ಎಸೆದು ಓಡುತ್ತೇವೆಯೇ?

ಕಾರ್ನಾಡರ ಚಿತ್ರ ಕಾಲ ಮೀರಿದರೆ ಕೊಂಬೆ ಸಿಗುವುದಿಲ್ಲವೆಂದು ಎಚ್ಚರಿಸಿತು. ಆಡಮ್ಸರ ಸಂಗೀತ ವಾಸಿಯಾಗುವ ಸುಖವನ್ನು ಕಿವಿಗೆ ಮುಟ್ಟಿಸಿತು. ಎರಡೂ ಬೇಕಾದ ಮಾತುಗಳೇ. ಇವೆರಡರ ನಡುವೆ ಇರುವುದು ಅಜ್ಜಿ ಹೇಳಿದ ಕೆಲಸ: ಮುರಿದದ್ದನ್ನು ಹುಡುಕಿ ತಂದು, ಒಂದೊಂದಾಗಿ ಕೂಡಿಸಿ, ಕಟ್ಟಿ, ನೀರು ಹಾಕುವುದು. ಅದಕ್ಕೆ ತಾಳ್ಮೆ ಬೇಕು, ಮುರಿದದ್ದರಲ್ಲಿ ನಮ್ಮ ಕೈಯೂ ಇತ್ತೆಂಬ ಅರಿವು ಬೇಕು. ಯಾವ ಕಲೆಯಾದರೂ ನೋಡುಗನನ್ನು ಆ ಅರಿವಿನವರೆಗೆ ತಂದು ಬಿಡಬಲ್ಲದು. ಅಲ್ಲಿಂದ ಮುಂದೆ ಎರಡನೆಯ ಬಿಂದಿಗೆಯನ್ನು ಎತ್ತಬೇಕಾದವರು ನಾವು.